ಕೋರಂ ಗಂಟೆ

ಮೇಲ್ಮನೆಯಿಂದ ನಿವೃತ್ತರಾಗುವವರ ಗುಂಪು ಫೋಟೊ ಅವಧಿಯ ಕೊನೆಯ ದಿನ ಮಧ್ಯಾಹ್ನ, ಊಟವಾದ ಮೇಲೆ ಎಂದು ತಿಳಿದಾಗ ಮೇಷ್ಟ್ರಿಗೆ ನೆಮ್ಮದಿಯಾಯಿತು. ಆ ಹೊತ್ತಿಗೆ ಇರುವವರೆಲ್ಲ ಹೊರಗೆ ಹುಲ್ಲಿನ ಮೇಲೆ ನಿಂತಿರುತ್ತಾರೆ. ಸಭೆ ಖಾಲಿಯಾಗಿರುತ್ತದೆ. ಅವರಿಗೆ ಬೇಕಾಗಿದ್ದದ್ದು ಖಾಲಿ ಸಭೆಯೇ.

ನಿವೃತ್ತರಾಗುವವರಲ್ಲಿ ಅವರೂ ಒಬ್ಬರು. ಕೆಳಮನೆಯ ಹಾಗೆ ಮೇಲ್ಮನೆ ಒಂದೇ ಸಲ ವಿಸರ್ಜನೆಯಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ಸದಸ್ಯರು ಎದ್ದು ಹೋಗುತ್ತಾರೆ, ಅಷ್ಟೇ ಮಂದಿ ಹೊಸಬರು ಬಂದು ಕೂರುತ್ತಾರೆ. ಹೋಗುವವರಿಗೆ ಒಂದು ಫೋಟೊ, ಒಂದು ಚಹಾ, ಒಂದೊಂದು ಹೊಗಳಿಕೆ. ಮೇಷ್ಟ್ರು ಬಂದದ್ದು ಚುನಾವಣೆ ಗೆದ್ದು ಅಲ್ಲ. ಕಿವುಡು ಮಕ್ಕಳ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಮಾಡಿ, ಕೈಮಾತಿಗೆ ಒಂದು ಪಠ್ಯಪುಸ್ತಕ ಬರೆದಿದ್ದರು. ಅದನ್ನು ಯಾರೋ ದೊಡ್ಡವರಿಗೆ ಹೇಳಿ, ದೊಡ್ಡವರು ಇನ್ನೂ ದೊಡ್ಡವರಿಗೆ ಹೇಳಿ, ಸರ್ಕಾರ ಅವರನ್ನು ನಾಮನಿರ್ದೇಶಿತ ಸದಸ್ಯರನ್ನಾಗಿ ತಂದು ಕೂರಿಸಿತ್ತು. ಯಾವ ಪಕ್ಷಕ್ಕೂ ಸೇರದವರಾದ್ದರಿಂದ, ಲಾಳದ ಆಕಾರದ ಆ ಸಭೆಯಲ್ಲಿ ಆಳುವವರ ಸಾಲೂ ವಿರೋಧಿಗಳ ಸಾಲೂ ಮುಗಿಯುವ ಬಾಗಿನಲ್ಲಿ, ಕಂಬದ ಪಕ್ಕ ಅವರ ಕುರ್ಚಿ.

ಅವರ ಬಲಗಡೆ ಕಂಬ, ಎಡಗಡೆ ವಕೀಲಮ್ಮ. ವಕೀಲಮ್ಮ ವಿರೋಧ ಪಕ್ಷದ ಕೊನೆಯ ಕುರ್ಚಿಯವರು. ಕೋರ್ಟಿನಲ್ಲಿ ಗಟ್ಟಿಯಾಗಿ ಮಾತಾಡಿ ಮಾತಾಡಿ ಪಿಸುಮಾತೂ ಗಟ್ಟಿಯಾಗಿಬಿಟ್ಟ ಹೆಂಗಸು.

"ಮೇಷ್ಟ್ರೇ, ಆಗಾಗ ಕೆಮ್ಮಿ" ಎಂದು ಅವರು ಹೇಳುವುದಿತ್ತು. "ಇಲ್ಲಾಂದ್ರೆ ಸ್ಥಾನ ಖಾಲಿಯಾಗಿದೆ ಅಂತ ಯಾರನ್ನಾದ್ರೂ ತಂದು ನಿಮ್ಮ ತೊಡೆ ಮೇಲೆ ಕೂರಿಸಿಬಿಟ್ಟಾರು."

ಮೇಷ್ಟ್ರು ಕೆಮ್ಮುತ್ತಿದ್ದರು. ಅದೇ ಅವರ ಉತ್ತರ. ಸಂಜೆ ಬಸ್ಸಿನಲ್ಲಿ ಆ ಮಾತು ನೆನಪಾಗಿ ಅವರು ಒಬ್ಬರೇ ನಗುತ್ತಿದ್ದರು. ಎದುರು ಕೂತವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಆರು ವರ್ಷದಲ್ಲಿ ಅವರಿಗೆ ಆ ಕಟ್ಟಡದಲ್ಲಿ ಸಿಕ್ಕಿದ ಸ್ನೇಹ ಅದೊಂದೇ. ಅದು ಸ್ನೇಹ ಎಂದು ಅವರು ವಕೀಲಮ್ಮನಿಗೆ ಎಂದೂ ಹೇಳಿರಲಿಲ್ಲ. ಹೇಳುವಂಥ ಸಂದರ್ಭ ಬಂದಿರಲಿಲ್ಲ ಎಂದುಕೊಂಡಿದ್ದರು.

ಮನೆಯಲ್ಲಿ ಇದ್ದವಳು ತಂಗಿ. ಹಾಲುಗಲ್ಲದ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಮಾತು ಬರುವ ಮೊದಲೇ ಕಿವಿ ಹೋದ್ದರಿಂದ ಮಾತೂ ಬರಲಿಲ್ಲ. ಅಣ್ಣ ತಂಗಿ ಇಬ್ಬರೇ ಸೇರಿ ಮೊದಮೊದಲು ಕೈಮಾತು ಕಟ್ಟಿಕೊಂಡರು. ಆಮೇಲೆ ಅಣ್ಣ ಅದನ್ನು ಸರಿಯಾಗಿ ಕಲಿತ, ತಂಗಿಗೂ ಕಲಿಸಿದ, ಅದೇ ಅವನ ಕಸುಬಾಯಿತು. ತಂಗಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಕಿಟಕಿ ತೆರೆದುಕೊಂಡು, ಬೀದಿಯ ಎಲ್ಲರ ಅಳತೆ, ಎಲ್ಲರ ಜಗಳ, ಎಲ್ಲರ ಸಂಬಂಧ ತಿಳಿದುಕೊಂಡಿದ್ದಳು. ಅವಳಿಗೆ ಒಂದು ಗುಟ್ಟು ಹೇಳಿದರೆ ಬೀದಿಗೆ ತಮಟೆ ಹೊಡೆದ ಹಾಗೆ. ಆ ಮನೆಯಲ್ಲಿ ಮಾತು ಬಾರದವಳು ತಂಗಿಯಾದರೂ ಮೂಕನೆನ್ನಿಸುತ್ತಿದ್ದವನು ಅಣ್ಣನೇ.

"ಅಲ್ಲಿ ನೀನು ಮಾಡೋದೇನು?" ಎಂದು ಮೊದಲ ವರ್ಷ ಅವಳು ಕೈಯಲ್ಲಿ ಕೇಳಿದ್ದಳು.

ಮೇಷ್ಟ್ರು ಪಾಠ ಮಾಡುವವರ ಹಾಗೆ ವಿವರಿಸಿದ್ದರು. ಕೆಳಮನೆಯವರು ಅಡುಗೆ ಮಾಡುತ್ತಾರೆ. ನಾವು ರುಚಿ ನೋಡಿ ಉಪ್ಪು ಕಡಿಮೆ, ಖಾರ ಜಾಸ್ತಿ ಎನ್ನುತ್ತೇವೆ. ಸಾಮಾನ್ಯ ಮಸೂದೆಯಾದರೆ ಪಾತ್ರೆಯನ್ನೇ ವಾಪಸು ಕಳಿಸಬಹುದು, ಸ್ವಲ್ಪ ಕಾಲ ತಡೆಯಬಹುದು. ಆದರೆ ಹಣದ ಮಸೂದೆಯಾದರೆ ಬರೀ ಶಿಫಾರಸು. ಕೇಳಿದರೆ ಕೇಳಿದರು, ಬಿಟ್ಟರೆ ಬಿಟ್ಟರು. ಅದೂ ಎರಡು ವಾರದೊಳಗೆ. ಅಷ್ಟರಲ್ಲಿ ನಾವು ಏನೂ ಹೇಳದಿದ್ದರೆ ಒಪ್ಪಿದೆವು ಎಂದೇ ಲೆಕ್ಕ.

ತಂಗಿ ಯೋಚಿಸಿ, ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ ಇನ್ನೊಬ್ಬರಿಗೆ ಕೊಟ್ಟಂತೆ ಮಾಡಿ, ಬಾಗಿಲ ಬಳಿ ಕೂತು ಗೊಣಗುವ ಮುದುಕಿಯ ಮುಖ ಮಾಡಿ ತೋರಿಸಿದಳು. ಯಜಮಾನಿಕೆ ಸೊಸೆಗೆ ಬಿಟ್ಟುಕೊಟ್ಟ ಅತ್ತೆ. ಅಂದಿನಿಂದ ಅವಳ ಕೈಮಾತಿನಲ್ಲಿ ಮೇಲ್ಮನೆಗೆ ಅದೇ ಗುರುತು. "ಅತ್ತೆ ಮನೆಗೆ ಹೋಗಲ್ವಾ ಇವತ್ತು?" ಎಂದು ಬೆಳಿಗ್ಗೆ ಕೇಳುತ್ತಿದ್ದಳು.

ಹಿಂದಿನ ವರ್ಷ, ಅವರು ಅಧಿವೇಶನದಲ್ಲಿದ್ದಾಗ, ತಂಗಿ ಮೆಟ್ಟಿಲಲ್ಲಿ ಜಾರಿ ಬಿದ್ದಳು. ನೆರೆಯವರು ಆಸ್ಪತ್ರೆಗೆ ಸೇರಿಸಿದರು. ಅವಳು ಎಲ್ಲಿ ನೋವು ಎಂದು ಹೇಳಲು ಕೈ ಆಡಿಸಿದಳು. ನರ್ಸಿಗೆ ಅದು ಸಂಕಟದಲ್ಲಿ ಕೈ ಬಡಿಯುವಂತೆ ಕಂಡಿತು. ಸೂಜಿ ಕಿತ್ತುಬಂದೀತು ಎಂದು ಎರಡೂ ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದರು. ಕೈಮಾತಿನವರ ಕೈ ಕಟ್ಟಿದರೆ ಬಾಯಿಗೆ ಬಟ್ಟೆ ತುರುಕಿದಂತೆ. ಆಸ್ಪತ್ರೆಯಲ್ಲಿ ಕೈಮಾತಿನ ದುಭಾಷಿಯೊಬ್ಬಳಿದ್ದಳು; ಅವಳು ವಾರ್ಡಿನ ಬಾಗಿಲಲ್ಲಿ ಹಾದುಹೋಗುವಾಗ ಕಟ್ಟಿದ ಕೈಯ ಬೆರಳುಗಳನ್ನು ನೋಡಿ ಒಳಗೆ ಬಂದಳು. ಬೆರಳ ತುದಿಗಳಷ್ಟೇ ಮಾತಾಡುತ್ತಿದ್ದವು. ದುಭಾಷಿ ಕಟ್ಟು ಬಿಚ್ಚಿಸಿದಳು. ಮೇಷ್ಟ್ರು ಬಂದು ತಲುಪಿದಾಗ ತಂಗಿ ಅವಳೊಂದಿಗೆ ಹರಟುತ್ತಿದ್ದಳು, ಆದರೆ ಮಣಿಕಟ್ಟಿನ ಮೇಲೆ ಕೆಂಪು ಗೆರೆ ಹಾಗೆಯೇ ಇತ್ತು. ನನಗಿಂತ ಮುಂಚೆ ನಾನು ಹೋಗಿಬಿಟ್ಟರೆ ಇವಳ ಗತಿ ಇದೇ ಎಂದು ಅವರಿಗೆ ಅಂದು ಅನ್ನಿಸಿತು. ಎಣಿಸಿದ್ದು ತಪ್ಪಾಗಿದೆ, 'ಇವಳಿಗಿಂತ ಮುಂಚೆ' ಎನ್ನಬೇಕಿತ್ತು ಎಂದು ಆಮೇಲೆ ಹೊಳೆಯಿತು. ತಿದ್ದಿಕೊಂಡರೂ ಭಯ ಅದೇ.

ಈ ವರ್ಷದ ಹಣಕಾಸು ಮಸೂದೆಯ ಕೊನೆಯ ಅನುಬಂಧದಲ್ಲಿ, ನಿಂತುಹೋಗುವ ಅನುದಾನಗಳ ನಡುವೆ, ಆಸ್ಪತ್ರೆ ಮತ್ತು ಕೋರ್ಟುಗಳ ಕೈಮಾತಿನ ದುಭಾಷಿಗಳ ಅನುದಾನವೂ ಇತ್ತು. ಕೆಳಮನೆ ಅದನ್ನು ಹಾಗೆಯೇ ಅಂಗೀಕರಿಸಿ ಮೇಲಕ್ಕೆ ಕಳಿಸಿತು. ಮೇಷ್ಟ್ರು ಹಣಕಾಸು ಮಂತ್ರಿಯನ್ನು ಲಿಫ್ಟಿನ ಬಾಗಿಲಲ್ಲಿ ಹಿಡಿದರು. ಆರು ವರ್ಷದಲ್ಲಿ ಅವರು ತಾವಾಗಿ ಒಬ್ಬ ಮಂತ್ರಿಯನ್ನು ಮಾತಾಡಿಸಿದ್ದು ಅದೇ ಮೊದಲು.

"ನಿಜ ಹೇಳ್ಲಾ ಮೇಷ್ಟ್ರೇ, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ" ಎಂದರು ಮಂತ್ರಿ. "ಅಧಿಕಾರಿಗಳು ಕಳೆ ಕೀಳೋ ಹಾಗೆ ಕಿತ್ತಿದ್ದಾರೆ, ಒಂದೆರಡು ಪೈರೂ ಹೋಗಿವೆ. ಆದರೆ ಈಗ ನಾನಾಗಿ ಒಂದನ್ನ ವಾಪಸ್ ಇಟ್ರೆ, ನಾಳೆ ನಮ್ಮ ಪಕ್ಷದವರೇ ನನ್ನ ಗೇಟಿನ ಮುಂದೆ ಸಾಲು ನಿಲ್ತಾರೆ, ನಮ್ಮದೂ ಇಡಿ ಅಂತ."

"ಹಾಗಾದ್ರೆ?"

"ನಿಮ್ಮ ಮನೆಯಿಂದ ಶಿಫಾರಸು ಬರಲಿ. ಹಿರಿಯರು ಹೇಳಿದ್ರು, ಒಪ್ಪಿಕೊಂಡೆ ಅಂತೀನಿ. ಅದಕ್ಕೆ ಮರ್ಯಾದೆ ಇದೆ. ಆದರೆ ಸದ್ದಾಗಬಾರದು. ವಿರೋಧ ಪಕ್ಷದವರಿಗೆ ಸುಳಿವು ಸಿಕ್ಕಿ, ಸರ್ಕಾರ ಮಣಿಯಿತು ಅಂತ ಡಂಗುರ ಸಾರಿದ್ರೆ, ನಾನು ಕಲ್ಲಾಗಬೇಕಾಗುತ್ತೆ."

"ನಾನು ಯಾರಿಗೂ ಹೇಳಲ್ಲ."

ಮಂತ್ರಿ ನಕ್ಕರು. "ನೀವು ಹೇಳಲ್ಲ ಅಂತ ಗೊತ್ತಿದ್ದೇ ನಿಮ್ಮ ಹತ್ತಿರ ಇಷ್ಟು ಮಾತಾಡಿದ್ದು."

ಮೇಷ್ಟ್ರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಹೀಗಾಗಿ ಎರಡು ವಾರದ ಗಡುವಿನ ಕೊನೆಯ ದಿನ, ಫೋಟೊ ಹೊತ್ತಿಗೆ, ಖಾಲಿ ಸಭೆಯಲ್ಲಿ ಶಿಫಾರಸು ಮಂಡಿಸುವುದೆಂದು ನಿಶ್ಚಯವಾಯಿತು. ಆಳುವ ಪಕ್ಷದ ಕಡೆ ಕೂರುವ ನಾಲ್ಕಾರು ಮಂದಿಗೆ ವಿರೋಧಿಸದೆ ಸುಮ್ಮನಿರಿ ಎಂದು ಸೂಚನೆ ಹೋಗಿತ್ತು. ಒಬ್ಬರು 'ಹೌದು' ಎಂದು ಕೂಗಿದರೂ ಮುಗಿಯಿತು; ಯಾರೂ ಎಣಿಸುವುದಿಲ್ಲ. ಅಂದಿನ ಕಲಾಪಪಟ್ಟಿಯಲ್ಲಿ ಅದು ಅನುಬಂಧ, ಬಾಬು, ಉಪಬಾಬು ಎಂಬ ಒಣ ಸಾಲಾಗಿ ಮಾತ್ರ ಇತ್ತು. ವಕೀಲಮ್ಮ ಅದರ ಮೇಲೆ ಕನ್ನಡಕ ಇಟ್ಟು ಎದ್ದರು.

"ಬನ್ನಿ ಮೇಷ್ಟ್ರೇ ಫೋಟೊಗೆ. ಹೋಗೋರು ನೀವು, ಕರೆಯೋಳು ನಾನಾ?"

"ನೀವು ನಡೀರಿ. ಬರ್ತೀನಿ."

"ನಿಮ್ಮ 'ಬರ್ತೀನಿ' ನನಗೆ ಗೊತ್ತಿಲ್ವಾ? ಹಿಂದಿನ ಸಾಲಲ್ಲಿ ನಿಂತು ಎದುರಿನವರ ತಲೆ ಹಿಂದೆ ಅಡಗಿಕೊಳ್ಳೋ ಪೈಕಿ. ಮುಂದೆ ಕುರ್ಚಿ ಹಿಡಿದಿಡ್ತೀನಿ."

ಕನ್ನಡಕ ತೆಗೆದುಕೊಂಡು ಹೋದರು. ಅವರು ಬಾಗಿಲು ದಾಟುವ ತನಕ ಮೇಷ್ಟ್ರು ನೋಡಿದರು. ಹೇಳಿಬಿಡಬಹುದಿತ್ತು. ವಕೀಲಮ್ಮ ಬಾಯಿಬಡಕಿ ನಿಜ, ಆದರೆ ಕಕ್ಷಿದಾರರ ಗುಟ್ಟನ್ನು ಜೀವಮಾನವೆಲ್ಲ ಕಾಪಾಡಿದ ಹೆಂಗಸು. ಇದು ಮೇಷ್ಟ್ರಿಗೆ ಆಗ ಹೊಳೆಯಲಿಲ್ಲ ಎನ್ನುವಂತಿಲ್ಲ. ಹೊಳೆಯಿತು. ಕೊಟ್ಟ ಮಾತೊಂದು ಅಡ್ಡ ಬಂತು. ಅದಕ್ಕಿಂತ ಹೆಚ್ಚಾಗಿ, ಹೇಳಿ ಅಭ್ಯಾಸವಿರಲಿಲ್ಲ.

ಸಭೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಉಳಿದರು. ಒಬ್ಬ ಹಿರಿಯ ಸದಸ್ಯ ಮಸೂದೆಯ ಮೇಲೆ ತನ್ನ ಭಾಷಣವನ್ನು ಹಾಳೆ ಹಾಳೆಯಾಗಿ ಓದತೊಡಗಿದರು. ಅವರು ಬೇಗ ಮುಗಿಸುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಕೇಳುವವರಿಲ್ಲದಿದ್ದರೆ ಕೆಲವರಿಗೆ ಮಾತು ಇನ್ನೂ ಸಲೀಸು. ಪೀಠದಲ್ಲಿದ್ದ ಉಪಸಭಾಪತಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಮೇಲೆ ಪತ್ರಕರ್ತರ ಸಾಲಿನಲ್ಲಿ ಒಬ್ಬನೇ ಒಬ್ಬ, ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ತಂಪು ಗಾಳಿಯ ಯಂತ್ರದ ಗುಂಯ್ ಸದ್ದು. ಮೇಷ್ಟ್ರು ಮೇಜಿನ ಕೆಳಗೆ, ತೊಡೆಯ ಮೇಲೆ, ತಾವು ಹೇಳಬೇಕಾದ ಎರಡು ವಾಕ್ಯವನ್ನು ಬೆರಳಲ್ಲಿ ಹೇಳಿಕೊಂಡರು. ಅವರಿಗೆ ಯಾವ ಮಾತೂ ಮೊದಲು ಕೈಯಲ್ಲಿ ಬರುತ್ತಿತ್ತು, ಆಮೇಲೆ ಬಾಯಲ್ಲಿ.

ಭಾಷಣ ಮುಗಿಯುವ ಹೊತ್ತಿಗೆ ಹೊರಗೆ ಫೋಟೊ ಮುಗಿದಿತ್ತು.

"ಶಿಫಾರಸು ಮಂಡಿಸುವ ಸದಸ್ಯರು" ಎಂದರು ಉಪಸಭಾಪತಿ.

ಮೇಷ್ಟ್ರು ಎದ್ದರು. ಅದೇ ಕ್ಷಣ ಪಕ್ಕದ ಬಾಗಿಲಿನಿಂದ ವಕೀಲಮ್ಮ ಬಂದರು. ಫೋಟೊ ತಪ್ಪಿಸಿಕೊಂಡವರನ್ನು ಚಹಾಕ್ಕಾದರೂ ಎಳೆದೊಯ್ಯಲು ಬಂದವರು. ಬಂದವರು ನಿಂತುಬಿಟ್ಟರು. ಆರು ವರ್ಷ ಕೆಮ್ಮಷ್ಟೇ ಆಡಿದ ಮನುಷ್ಯ ಹೋಗುವ ದಿನ ಕೊನೆಗೂ ಬಾಯಿ ಬಿಡಲು ಎದ್ದಿದ್ದಾನೆ. ಅವನ ಮುಂದೆ ಬರೀ ಕುರ್ಚಿಗಳು. ವಕೀಲಮ್ಮನ ಮುಖ ಹೇಗಾಯಿತು ಎಂಬುದನ್ನು ಮೇಷ್ಟ್ರು ಕಂಡರು. ಮುಖ ಓದುವುದು ಅವರ ಕಸುಬು. ಮುಂದೇನಾಗುತ್ತದೆ ಎಂದು ವಕೀಲಮ್ಮನಿಗಿಂತ ಮೊದಲು ಅವರಿಗೆ ಗೊತ್ತಾಯಿತು.

ಮೇಷ್ಟ್ರ ಕೈ ತಾನಾಗಿ ಎದ್ದಿತು. ಅಂಗೈ ಎದೆಯಿಂದ ಕೆಳಕ್ಕೆ, ಎರಡು ಸಲ. ಬೇಡ, ಬಿಟ್ಟುಬಿಡು. ತಂಗಿಗಾದರೆ ಅಷ್ಟು ಸಾಕಿತ್ತು. ವಕೀಲಮ್ಮ ಅದನ್ನು ಕೃತಜ್ಞತೆ ಎಂದುಕೊಂಡು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಆಮೇಲೆ ತಮ್ಮ ಕೋರ್ಟಿನ ದನಿ ಎತ್ತಿದರು.

"ಮಾನ್ಯರೇ, ಸಭೆಯಲ್ಲಿ ಕೋರಂ ಇಲ್ಲ."

ಹತ್ತರಲ್ಲೊಂದು ಪಾಲು ಸದಸ್ಯರಾದರೂ ಇರದೆ ಸಭೆ ನಡೆಯಬಾರದು ಎಂಬುದು ನಿಯಮ. ಇಲ್ಲ ಎಂದು ಯಾರೂ ಬಾಯಿ ಬಿಡದಿದ್ದರೆ ಇದ್ದಾರೆ ಎಂದೇ ಅರ್ಥ ಎಂಬುದು ಪದ್ಧತಿ. ಆ ಮನೆಯ ಅರ್ಧ ಕೆಲಸ ಆ ಪದ್ಧತಿಯ ಮೇಲೆ ನಡೆಯುತ್ತಿತ್ತು. ಒಮ್ಮೆ ಬಾಯಿ ಬಿಟ್ಟರೆ ಮಾತ್ರ ಪೀಠಕ್ಕೆ ಕಣ್ಣು ಮುಚ್ಚಿಕೊಳ್ಳಲು ಬರುವುದಿಲ್ಲ.

ಉಪಸಭಾಪತಿ ಪೆನ್ನಿನ ಮುಚ್ಚಳ ಹಾಕಿದರು. "ಮಾನ್ಯ ಸದಸ್ಯರು ಒತ್ತಾಯಿಸುತ್ತಾರಾ?" ಆ ಪ್ರಶ್ನೆಯಲ್ಲಿ ಬೇಡಿಕೊಳ್ಳುವಿಕೆ ಇತ್ತು.

"ಒತ್ತಾಯಿಸ್ತೀನಿ. ಆರು ವರ್ಷ ಬೇರೆಯವರ ಮಾತು ಕೂತು ಕೇಳಿದವರು, ಹೋಗೋ ದಿನ ಮರದ ಕುರ್ಚಿಗಳಿಗೆ ಮಾತಾಡಬೇಕಾ? ಎಲ್ಲ ಇಲ್ಲೇ ಹುಲ್ಲಿನ ಮೇಲಿದ್ದಾರೆ. ಗಂಟೆ ಹೊಡೀರಿ, ನಾನೇ ಕರೆದು ತರ್ತೀನಿ."

ಗಂಟೆ ಶುರುವಾಯಿತು. ವಕೀಲಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಓಡಿದರು.

ಗಂಟೆ ಬಾರಿಸುವಾಗ ಸಭೆಯಲ್ಲಿ ಯಾರೂ ಮಾತಾಡುವಂತಿಲ್ಲ. ಮೇಷ್ಟ್ರು ನಿಂತೇ ಇದ್ದರು. ಓಡಿ ಹೋಗಿ ಕಾರಿಡಾರಿನಲ್ಲಿ ವಕೀಲಮ್ಮನನ್ನು ಹಿಡಿದು, ಜನ ಬೇಡ, ನನಗೆ ಖಾಲಿ ಮನೆಯೇ ಬೇಕು, ನಿಮ್ಮ ಒತ್ತಾಯ ವಾಪಸು ತೆಗೆದುಕೊಳ್ಳಿ ಎನ್ನಬಹುದಿತ್ತು. ಪೀಠದ ಬಳಿ ಹೋಗಿ ಕಿವಿಯಲ್ಲಿ ಏನಾದರೂ ಹೇಳಬಹುದಿತ್ತು. ಮೇಲೆ ಪತ್ರಕರ್ತ ಗಲ್ಲದಿಂದ ಕೈ ತೆಗೆದು ಮುಂದಕ್ಕೆ ಬಾಗಿದ್ದ. ಸದ್ದಾಗಬಾರದು ಎಂದಿದ್ದರು ಮಂತ್ರಿ. ಈಗ ಸದ್ದೇ ಸದ್ದು. ತಾವು ಸಮಸ್ಯೆಯನ್ನು ಎಲ್ಲ ಬದಿಯಿಂದ ಯೋಚಿಸುತ್ತಿದ್ದೇವೆ ಎಂದು ಮೇಷ್ಟ್ರಿಗೆ ಅನ್ನಿಸುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಒಬ್ಬ ಮುದುಕ ಕಂಬದ ಪಕ್ಕ ಸುಮ್ಮನೆ ನಿಂತಿದ್ದ.

ಫೋಟೊ ಮುಗಿದದ್ದೇ ತಡ ಬಹಳ ಮಂದಿ ರೈಲು ವಿಮಾನ ಹಿಡಿಯಲು ಹೊರಟುಹೋಗಿದ್ದರು. ಕಾರಿನೊಳಗಿದ್ದವರಿಗೆ ಗಂಟೆ ಕೇಳಿಸಿತೋ ಇಲ್ಲವೋ. ಕೇಳಿಸಿದವರು ಅದು ದಿನದ ಕೊನೆಯ ಗಂಟೆ ಎಂದುಕೊಂಡರು. ವಕೀಲಮ್ಮ ಏಳೆಂಟು ಜನರನ್ನು ಕೈಹಿಡಿದು ತಂದರು, ಒಬ್ಬರ ಕೈಯಲ್ಲಿ ಇನ್ನೂ ಚಹಾದ ಕಪ್ಪಿತ್ತು. ಉಪಸಭಾಪತಿ ಎಣಿಸಿದರು. ಎರಡನೆಯ ಸಲ ಗಂಟೆ ಹೊಡೆಸಿದರು. ಮತ್ತೆ ಎಣಿಸಿದರು. ಮುಂದಿನ ವಾರಕ್ಕೆ ಸಭೆ ಮುಂದೂಡಲಾಗಿದೆ ಎಂದು ಹೇಳಿ, ಮೇಷ್ಟ್ರ ಕಡೆ ನೋಡದೆ ಎದ್ದುಹೋದರು.

"ನನ್ನ ತಲೆಗಿಷ್ಟು" ಎಂದು ವಕೀಲಮ್ಮ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತರು. ಅವರ ಕಣ್ಣು ತುಂಬಿತ್ತು. "ನಿಮಗೆ ನಾಲ್ಕು ಜನ ಕೂಡಿಸೋಣ ಅಂತ ಹೋಗಿ ಮಾತನ್ನೇ ನಿಲ್ಲಿಸಿಬಿಟ್ಟೆ. ದೊಡ್ಡ ಭಾಷಣ ಇತ್ತಾ ಮೇಷ್ಟ್ರೇ?"

"ಇಲ್ಲ. ಎರಡೇ ಮಾತು."

"ಎರಡು ಮಾತು ಅಂದ್ರೆ ನಿಮಗೆ ಅದು ಮಹಾಭಾಷಣ." ಅಳುತ್ತಲೇ ನಕ್ಕರು. "ಬಯ್ಯಿರಿ ನನ್ನ. ಒಂದು ಸಲ ಬಯ್ಯಿರಿ, ಸಮಾಧಾನ ಆಗುತ್ತೆ."

"ಪರವಾಗಿಲ್ಲ, ಬಿಡಿ" ಎಂದರು ಮೇಷ್ಟ್ರು. ಅವರೊಂದಿಗೆ ಗೇಟಿನವರೆಗೂ ನಡೆದರು. ವಕೀಲಮ್ಮ ಮನೆಗೆ ಬರಲು ಕರೆದರು, ಫೋನ್ ನಂಬರು ಬರೆದುಕೊಟ್ಟರು, ಕಾರು ಹತ್ತಿದರು.

ಬಸ್ಸಿನಲ್ಲಿ ಮಂತ್ರಿಯ ಆಪ್ತ ಕಾರ್ಯದರ್ಶಿಯ ಫೋನ್ ಬಂತು. "ನಿಮ್ಮ ಮನೆಯಿಂದ ಏನೂ ಬರಲಿಲ್ಲ ಸಾರ್. ಗಡುವು ಇವತ್ತಿಗೆ ಮುಗೀತು. ಮಸೂದೆ ಇದ್ದ ಹಾಗೇ ಪಾಸಾದ ಹಾಗೆ. ಸಾಹೇಬರು ಬೇಜಾರು ಮಾಡಿಕೊಂಡ್ರು ಅಂತ ಹೇಳಕ್ಕೆ ಹೇಳಿದ್ರು." ಅಷ್ಟೇ. ಮೇಲ್ಮನೆ ಏನೂ ಹೇಳಲಿಲ್ಲ, ಆದ್ದರಿಂದ ಒಪ್ಪಿತು.

ಮನೆ ಸೇರಿದಾಗ ತಂಗಿ ಯಂತ್ರದ ಮೇಲಿನ ದೀಪ ಹಾಕಿಕೊಂಡು ತೋಳಿಗೆ ಗುಂಡಿ ಹೊಲಿಯುತ್ತಿದ್ದಳು. ಅಂದು ಏನೋ ದೊಡ್ಡದು ಆಗಬೇಕಿದೆ ಎಂದಷ್ಟೇ ಅವಳಿಗೆ ತಿಳಿದಿತ್ತು. ಅಣ್ಣನ ಮುಖ ನೋಡಿ ಸೂಜಿ ಚುಚ್ಚಿಟ್ಟಳು.

"ಆಗಲಿಲ್ವಾ?"

ಮೇಷ್ಟ್ರು ಮೊದಲಿನಿಂದ ನಡೆದದ್ದನ್ನು ಕೈಯಲ್ಲಿ ಹೇಳಿದರು. ತಂಗಿಯ ಬಳಿ ಅವರಿಗೆ ಮಾತು ಎಂದೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಗಂಟೆಯವರೆಗೆ ಬಂದಾಗ ಅವಳು ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಆ ವಕೀಲಮ್ಮನಿಗೆ ಗೊತ್ತಿರಲಿಲ್ವಾ?"

"ಇಲ್ಲ."

"ಪಕ್ಕದಲ್ಲೇ ಕೂರ್ತಾರೆ ಅಂದಿದ್ದೆ. ದಿನಾ ನಗಿಸ್ತಾರೆ ಅಂದಿದ್ದೆ."

"ಹೌದು."

"ನನಗೆ ಕಿವಿ ಇಲ್ಲ" ಎಂದಳು ತಂಗಿ. ಅವಳ ಕೈಗಳು ಒರಟಾಗಿ ಚಲಿಸಿದವು. "ನಿನಗೆ ಏನು ರೋಗ?"

ಮೇಷ್ಟ್ರು ನೆಲಕ್ಕೆ ಬಿದ್ದಿದ್ದ ಗುಂಡಿಯೊಂದನ್ನು ಹೆಕ್ಕಿ ಯಂತ್ರದ ಮೇಲಿಟ್ಟರು.

"ಈಗಲಾದ್ರೂ ಹೇಳಿದ್ಯಾ?"

"ಹೇಳಿ ಏನು ಪ್ರಯೋಜನ? ನೊಂದುಕೊಳ್ತಾರೆ. ನನಗೆ ಒಳ್ಳೇದು ಮಾಡಕ್ಕೆ ಹೋಗಿ ಹೀಗಾಯ್ತು ಅಂತ ಗೊತ್ತಾದ್ರೆ, ಆ ಜೀವ ತಡೆಯಲ್ಲ."

"ಅವರಿಗೆ ಅಲ್ಲಿ ಇನ್ನೂ ಎಷ್ಟು ಕಾಲ ಇದೆ?"

"ಎರಡು ವರ್ಷ."

"ಮುಂದಿನ ವರ್ಷ ಮತ್ತೆ ಹಣದ ಮಸೂದೆ ಬರುತ್ತೆ ತಾನೇ? ನೀನು ಅಲ್ಲಿರಲ್ಲ. ಗೊತ್ತಿರೋರು ಯಾರಾದ್ರೂ ಅಲ್ಲಿರಬೇಕು. ಅವರನ್ನ ನೋಯಿಸಬಾರದು ಅಂತೀಯ. ಸರಿ. ನನ್ನ ಕೈ ಮತ್ತೆ ಕಟ್ಟಲಿ."

ಅವರು ಏನೋ ಹೇಳಲು ಹೋದರು. ತಂಗಿ ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಅವಳೊಂದಿಗೆ ಮಾತಾಡಲು ಜಗತ್ತಿನಲ್ಲಿ ಯಾರಿಗೂ ಸಾಧ್ಯವಿರಲಿಲ್ಲ.

ಮೇಷ್ಟ್ರು ಎದ್ದು ಒಳಕೋಣೆಗೆ ಹೋಗಿ, ಬಂದು, ಮತ್ತೆ ಹೋಗಿ, ಕೊನೆಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು ವಕೀಲಮ್ಮ ಕೊಟ್ಟ ನಂಬರಿಗೆ ಫೋನ್ ಮಾಡಿದರು. ತಂಗಿ ಕಣ್ಣು ತೆರೆದು ಅವರ ತುಟಿಗಳನ್ನೇ ನೋಡತೊಡಗಿದಳು.

"ಯಾರು? ಅಯ್ಯೋ, ಮೇಷ್ಟ್ರೇ, ನೀವಾ? ನಿಮಗೆ ಫೋನ್ ಮಾಡಕ್ಕೆ ಬರುತ್ತಾ? ಇಷ್ಟು ವರ್ಷ ಬಚ್ಚಿಟ್ಟಿದ್ರಲ್ಲ ಈ ವಿದ್ಯೆ."

"ವಕೀಲಮ್ಮ, ಒಂದು ಮಾತು ಹೇಳಬೇಕು. ನಿಮಗೆ ನೋವಾಗುತ್ತೆ."

"ಬಯ್ಯಕ್ಕಾ? ಬಯ್ಯಿರಿ, ಕಾಯ್ತಿದ್ದೆ."

ಮೇಷ್ಟ್ರು ಹೇಳಿದರು. ಮೆಟ್ಟಿಲು, ಮಂಚದ ಕಂಬಿ, ದುಭಾಷಿ, ಅನುಬಂಧ, ಲಿಫ್ಟಿನ ಬಾಗಿಲು, ಖಾಲಿ ಸಭೆ ಏಕೆ ಬೇಕಿತ್ತು, ಕೈಯೆತ್ತಿ ತಾವು ಹೇಳಿದ್ದು ಏನು. ಮೊದಲೇ ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನಿಮ್ಮದಲ್ಲ ಎಂದರು. ಇಷ್ಟು ಉದ್ದವಾಗಿ ಅವರು ಬಾಯಲ್ಲಿ ಯಾರೊಂದಿಗೂ ಮಾತಾಡಿದ್ದು ನೆನಪಿರಲಿಲ್ಲ.

ಆ ಕಡೆಯಿಂದ ಏನೂ ಬರಲಿಲ್ಲ.

ಮೌನಗಳನ್ನು ಮೇಷ್ಟ್ರು ಚೆನ್ನಾಗಿ ಬಲ್ಲವರು. ಕೋಪದ ಮೌನ, ಅಳು ನುಂಗಿದ ಮೌನ, ಅರ್ಥವಾಗದ ಮಗುವಿನ ಮೌನ, ಎಲ್ಲಕ್ಕೂ ಒಂದೊಂದು ಮುಖವಿರುತ್ತದೆ, ಭುಜ ಇರುತ್ತದೆ. ಫೋನಿನಲ್ಲಿ ಅದು ಯಾವುದೂ ಇರಲಿಲ್ಲ. ಒಂದು ಕುರ್ಚಿ ಎಳೆದ ಸದ್ದು ಕೇಳಿಸಿತು. ದೂರದಲ್ಲೆಲ್ಲೋ ನಲ್ಲಿ ತಿರುಗಿಸಿದ ಸದ್ದು, ನೀರು ನಿಂತ ಸದ್ದು.

"ಏನು ಹೇಳ್ತಿದ್ದಾರೆ?" ತಂಗಿ ಕೇಳಿದಳು.

"ಏನೂ ಇಲ್ಲ." ಒಂದೇ ಕೈಯಲ್ಲಿ ಹೇಳಿದರು.

"ಹಾಗಾದ್ರೆ ಇಟ್ಟುಬಿಡು. ಹೋಗಿರಬೇಕು."

ಮೇಷ್ಟ್ರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಉಸಿರು ಬಂದು ಹೋಗುತ್ತಿತ್ತು.

"ಇಲ್ಲ" ಎಂದರು. "ಇದ್ದಾರೆ."